ಬಿಸಿಯಾದಾಗ ಮಾತ್ರ ಆಫ್ ಆಗುತ್ತಿದ್ದ ಕಾರು

ನಮ್ಮದು ಹಳೆಯ ಪೆಟ್ರೋಲ್ ಕಾರು, ಎಂಪಿಎಫ್‌ಐ ಎಂಜಿನ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಸಿಂಪಡಿಸುವ ಬಗೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ಮಡಿಕೇರಿ ಹತ್ತಿರದ ಮದೆನಾಡಿನಿಂದ ಸುಳ್ಯಕ್ಕೆ ಇಳಿಯುವಾಗ ಏನೂ ತೊಂದರೆ ಇಲ್ಲ. ವಾಪಸ್ ಬರುವಾಗ ಸಂಪಾಜೆ ದಾಟಿ ಘಾಟಿ ಹತ್ತಲು ಶುರು ಮಾಡಿದರೆ, ಜೋಡುಪಾಲದ ಆಸುಪಾಸಿನಲ್ಲಿ ಒಮ್ಮೆಲೇ ಆಫ್. ಮತ್ತೆ ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್!

ಗ್ಯಾರೇಜಿಗೆ ತೆಗೆದುಕೊಂಡು ಹೋದರೆ ಅಲ್ಲಿ ಎಲ್ಲವೂ ಸರಿ. ಇಂಥ ಕಾಯಿಲೆಯ ಕಷ್ಟವೇ ಅದು. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರು, ದೋಷ ತೋರಿಸುವ ಕೋಡ್ ಏನೂ ಬರಲಿಲ್ಲ. 'ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪ್ ಬದಲಿಸಿ ನೋಡೋಣ' ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅಂದಾಜಿನ ಮೇಲೆ ಅಷ್ಟು ದುಡ್ಡು ಹಾಕುವ ಬದಲು, ಕಾರು ನಿಂತಿರುವ ಹೊತ್ತಿನಲ್ಲೇ ಬಾನೆಟ್ ಎತ್ತಿ ನೋಡಬೇಕು ಅನ್ನಿಸಿತು.

ಅದಕ್ಕೂ ಮೊದಲು ಅದು ನಿಲ್ಲುವ ರೀತಿ ಗಮನಿಸಿದೆ. ಪೆಟ್ರೋಲ್ ಕಡಿಮೆ ಬಿದ್ದರೆ ಗಾಡಿ ಸಾಮಾನ್ಯವಾಗಿ ಮೊದಲು ಜಗ್ಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಆಮೇಲೆ ಸಾಯುತ್ತದೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದ್ದರೆ ಆಕ್ಸಿಲರೇಟರ್ ಬಿಟ್ಟಾಗ ನಿಲ್ಲುತ್ತದೆ, ಹೆಚ್ಚಾಗಿ ತಕ್ಷಣ ಸ್ಟಾರ್ಟ್ ಕೂಡ ಆಗುತ್ತದೆ. ನಮ್ಮದು ಹಾಗಲ್ಲ. ಕೀ ತಿರುಗಿಸಿ ಆಫ್ ಮಾಡಿದ ಹಾಗೆ, ಜಗ್ಗದೆ, ಕೆಮ್ಮದೆ ನಿಲ್ಲುತ್ತಿತ್ತು. ಇಂಥದ್ದರಲ್ಲಿ ಕರೆಂಟಿನ ಕಡೆಯೇ ಸಂಶಯ ಜಾಸ್ತಿ.

ಸಾಮಾನು ಹೊಂದಿಸಿಕೊಂಡೆ. ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಪ್ಲಗ್ ಸ್ಪ್ಯಾನರ್, ಒಂದು ಹೊಸ ಸ್ಪಾರ್ಕ್ ಪ್ಲಗ್, ಎರಡು ಬಾಟಲಿ ತಣ್ಣೀರು. ಕೀ ತಿರುಗಿಸಲು ಜೊತೆಗೆ ಅಕ್ಕನ ಮಗ. ಮಧ್ಯಾಹ್ನದ ಬಿಸಿಲಿನಲ್ಲಿ ಘಾಟಿ ಹತ್ತಿದೆವು. ಅಂದುಕೊಂಡ ಹಾಗೆಯೇ ಕಾರು ನಿಂತಿತು. ಇಲ್ಲೊಂದು ಮಾತು ಹೇಳಲೇಬೇಕು. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿನ ಬೂಸ್ಟರ್‌ನಲ್ಲಿ ಒಂದೆರಡು ಸಲ ಒತ್ತುವಷ್ಟೇ ಸಹಾಯ ಉಳಿದಿರುತ್ತದೆ. ಸುಮ್ನೆ ಪಂಪ್ ಮಾಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಡಿ ಉರುಳುತ್ತಿರುವಾಗ ಕೀ ಹೊರಗೆ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ನಾವು ಅಂಚಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆವು.

ಮೊದಲು ಪಂಪ್. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಎರಡು-ಮೂರು ಸೆಕೆಂಡ್ 'ಗುಂಯ್' ಅನ್ನುವ ಸದ್ದು ಬರಬೇಕು. ಬಂತು. ಅಂದರೆ ಫ್ಯೂಸ್, ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ, ಪಂಪಿನ ಮೋಟಾರು ಜೀವಂತವಾಗಿವೆ. ಸೆಲ್ಫ್ ಹೊಡೆದು ಪ್ಲಗ್ ಬಿಚ್ಚಿದೆ. ಒಣಗಿತ್ತು, ಪೆಟ್ರೋಲಿನ ವಾಸನೆಯೂ ಇಲ್ಲ. ಇಷ್ಟನ್ನೇ ನೋಡಿದರೆ ಯಾರಿಗಾದರೂ ಪಂಪಿನ ಮೇಲೆಯೇ ಸಂಶಯ ಬರುತ್ತದೆ.

ಆದರೆ ಕಿಡಿಯನ್ನೂ ನೋಡಬೇಕಿತ್ತು. ಪಂಪಿನ ರಿಲೇ ತೆಗೆದೆ, ಇಲ್ಲದಿದ್ದರೆ ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಹೊರಗೆ ಬಂದರೆ ಅಪಾಯ. ಹೊಸ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಮೈ ಎಂಜಿನ್ನಿನ ಲೋಹಕ್ಕೆ ತಾಗುವಂತೆ ಭದ್ರವಾಗಿ ಇಟ್ಟೆ. ಕೈಯಲ್ಲಿ ಹಿಡಿಯಬಾರದು, ಸಾವಿರಾರು ವೋಲ್ಟಿನ ಹೊಡೆತ ಅದು. 'ಹೊಡಿ' ಅಂದೆ. ಕಿಡಿ ಇಲ್ಲ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಮಾಡುವ ಕಾಯಿಲ್‌ಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯುತ್ತಿದೆ, ಅಂದರೆ ಬ್ಯಾಟರಿಯ ಕರೆಂಟ್ ಬರುತ್ತಿದೆ.

ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಎರಡು ಬೇರೆ ಬೇರೆ ಭಾಗಗಳು ಒಂದೇ ಕ್ಷಣದಲ್ಲಿ ಕೆಟ್ಟು, ಅರ್ಧ ಗಂಟೆಯಲ್ಲಿ ಒಟ್ಟಿಗೆ ಸರಿಯಾಗುವುದು ನಂಬುವ ಮಾತಲ್ಲ. ಹಾಗಾದರೆ ಎರಡಕ್ಕೂ ಮೂಲವಾದ ಒಂದು ಜಾಗ ಹುಡುಕಬೇಕು. ಅದೇ ಕ್ರ್ಯಾಂಕ್ ಸೆನ್ಸರ್. ಎಂಜಿನ್ ತಿರುಗುತ್ತಿದೆ, ಇಷ್ಟು ವೇಗದಲ್ಲಿ ತಿರುಗುತ್ತಿದೆ ಅಂತ ಕಂಪ್ಯೂಟರಿಗೆ ತಿಳಿಸುವುದು ಅದು. ಆ ಸುದ್ದಿ ಬರದಿದ್ದರೆ ಕಂಪ್ಯೂಟರ್ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನೂ ತೆರೆಯುವುದಿಲ್ಲ. ಎಂಜಿನ್ನೇ ನಿಂತಿದೆ ಅಂದುಕೊಳ್ಳುವುದರಿಂದ ಎಷ್ಟೋ ಸಲ ಕೋಡ್ ಕೂಡ ಬೀಳುವುದಿಲ್ಲ. ಅಕ್ಕನ ಮಗನಿಗೆ ಆರ್‌ಪಿಎಂ ಮುಳ್ಳು ನೋಡು ಅಂದೆ. 'ಮಾಮ, ಅಲ್ಲಾಡ್ತಾನೇ ಇಲ್ಲ' ಅಂದ. ಮುಂಚೆ ಸೆಲ್ಫ್ ಹೊಡೆದಾಗ ಅದು ಸ್ವಲ್ಪ ಮೇಲೇಳುತ್ತಿತ್ತು.

ನಮ್ಮ ಕಾರಿನಲ್ಲಿ ಈ ಸೆನ್ಸರ್ ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿದೆ. ಪ್ಲಗ್ ಹಾಕಿ, ರಿಲೇ ಮತ್ತೆ ಕೂರಿಸಿ, ಸೆನ್ಸರ್ ಮೇಲೆ ಮಾತ್ರ ನಿಧಾನವಾಗಿ ತಣ್ಣೀರು ಬಿಟ್ಟೆ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್!

ಆದರೂ ಪಾರ್ಟ್ ತರುವ ಮೊದಲು ಮನೆಯಲ್ಲಿ ವೈರಿಂಗ್ ನೋಡಿದೆ. ನಮ್ಮ ಕೊಡಗಿನಲ್ಲಿ ಇದನ್ನು ಬಿಡುವ ಹಾಗಿಲ್ಲ. ಮಳೆಗಾಲದ ತೇವಕ್ಕೆ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ಶೆಡ್ಡಿನಲ್ಲಿ ನಿಂತ ಗಾಡಿಯ ವೈರುಗಳನ್ನು ಇಲಿ ಕಡಿಯುತ್ತದೆ. ನಮ್ಮದರಲ್ಲಿ ಎರಡೂ ಇರಲಿಲ್ಲ. ಸೆನ್ಸರ್ ಬಿಚ್ಚಿ ಮೀಟರ್ ಹಚ್ಚಿದೆ. ತಣ್ಣಗಿರುವಾಗ ಓಮ್ (ಸುರುಳಿಯ ಪ್ರತಿರೋಧ) ಸರಿಯಾಗಿ ತೋರಿಸಿತು. ಹೇರ್ ಡ್ರೈಯರಿನಿಂದ ಬಿಸಿ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಓಪನ್, ಅಂದರೆ ಸಂಪರ್ಕವೇ ಕಡಿದಂತೆ. ಒಳಗಿನ ಸುರುಳಿ ಬಿಸಿಗೆ ಬಿಟ್ಟುಕೊಳ್ಳುತ್ತಿತ್ತು. ಈ ಪರೀಕ್ಷೆ ಎರಡು ವೈರಿನ ಸುರುಳಿ ಸೆನ್ಸರಿಗೆ ಮಾತ್ರ. ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವ ಮೂರು ವೈರಿನ ಹಾಲ್ ಸೆನ್ಸರಿಗೆ ಓಮ್ ನೋಡಿ ಪ್ರಯೋಜನವಿಲ್ಲ.

ಹೊಸ ಸೆನ್ಸರನ್ನು ಮಡಿಕೇರಿಯಿಂದ ತಂದೆ. ಒಂದೇ ಬೋಲ್ಟ್. ಕೂರುವ ಜಾಗದ ಎಣ್ಣೆ ಜಿಡ್ಡು ಒರೆಸಿ ಹಾಕಿದೆ. ಈಗ ಬಿಸಿಲಿನಲ್ಲಿ, ಡಿಕ್ಕಿ ತುಂಬ ಗೊಬ್ಬರದ ಚೀಲ ಹೇರಿಕೊಂಡು ಅದೇ ಘಾಟಿ ಹತ್ತುತ್ತೇವೆ. ಒಮ್ಮೆಯೂ ನಿಂತಿಲ್ಲ. ಪೆಟ್ರೋಲ್ ಪಂಪ್ ಹಳೆಯದೇ ಇದೆ.