ಪಾಸಿನ ಪಟ್ಟಿಯೇ ಸಾಲದ ಪಟ್ಟಿಯಾಯಿತು

ಕೊರೋನಾ ಕಾಲದಲ್ಲಿ ಮಹಾನಗರ ಪಾಲಿಕೆ ಏನು ಮಾಡಿತು ಎಂದು ಕೇಳಿದರೆ ಹುಬ್ಬಳ್ಳಿ-ಧಾರವಾಡದ ಮಂದಿಗೆ ನೆನಪಾಗುವುದು ಔಷಧ ಸಿಂಪಡಿಸುವ ಟ್ರ್ಯಾಕ್ಟರು, ಓಣಿಗೆ ಅಡ್ಡ ಕಟ್ಟಿದ ಬಿದಿರಿನ ಗಳ, ಕಿಮ್ಸ್ ಕಡೆ ಓಡುತ್ತಿದ್ದ ಆಂಬುಲೆನ್ಸು. ನನ್ನ ಕೆಲಸ ಇವುಗಳಲ್ಲಿ ಯಾವುದೂ ಅಲ್ಲ. ನಾನು ಪಟ್ಟಿ ಬರೆದೆ. ಪಾಲಿಕೆಯಲ್ಲಿ ಗುತ್ತಿಗೆ ಮೇಲಿದ್ದ ಸಮುದಾಯ ಸಂಘಟಕಿ ನಾನು. ಸ್ವಸಹಾಯ ಸಂಘ ಕಟ್ಟುವುದು, ಹೆಣ್ಣುಮಕ್ಕಳನ್ನು ಬ್ಯಾಂಕಿಗೆ ಕರೆದೊಯ್ಯುವುದು, ಬೀದಿ ಬದಿ ವ್ಯಾಪಾರಸ್ಥರ ಸಮೀಕ್ಷೆ ಮಾಡುವುದು ನನ್ನ ಪಾಲಿನ ಕೆಲಸ. 2020ರ ಮಾರ್ಚ್ ನಂತರ ಯಾರ ಗಾಡಿ ಮತ್ತೆ ರಸ್ತೆಗೆ ಇಳಿಯುತ್ತದೆ, ಯಾರದು ಮನೆ ಮುಂದೆ ತುಕ್ಕು ಹಿಡಿಯುತ್ತದೆ ಎನ್ನುವುದು ಈ ಪಟ್ಟಿಗಳ ಮೇಲೆಯೇ ನಿಂತಿತು. ಅವು ಹೇಗೆ ಹುಟ್ಟಿದವು, ಎಲ್ಲಿ ಕೈಕೊಟ್ಟವು ಅನ್ನುವುದನ್ನು ಯಾರೂ ಬರೆದಂತೆ ಕಾಣಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮಾರ್ಚ್ 22ರ ಜನತಾ ಕರ್ಫ್ಯೂ ಮುಗಿದು 25ಕ್ಕೆ ಲಾಕ್‌ಡೌನ್ ಬಿತ್ತು. ಅಷ್ಟರಲ್ಲಿ ಧಾರವಾಡದ ಹೊಸಯಲ್ಲಾಪುರದಲ್ಲಿ ಜಿಲ್ಲೆಯ ಮೊದಲ ಪ್ರಕರಣ ಕಾಣಿಸಿಕೊಂಡಿತ್ತು. ತರಕಾರಿ ಅಗತ್ಯ ವಸ್ತು, ನಿಲ್ಲಿಸುವ ಹಾಗಿಲ್ಲ. ಆದರೆ ಹುಬ್ಬಳ್ಳಿಯ ಜನತಾ ಬಜಾರ್, ದುರ್ಗದ ಬೈಲು, ಧಾರವಾಡದ ಸೂಪರ್ ಮಾರ್ಕೆಟ್ ಎಂಥ ಇಕ್ಕಟ್ಟಿನ ಜಾಗಗಳು ಎಂದು ಅಲ್ಲಿ ಒಮ್ಮೆ ಕೊತ್ತಂಬರಿ ಕೊಂಡವರಿಗೆ ಹೇಳಬೇಕಿಲ್ಲ. ಪೊಲೀಸರು ಒಂದು ಬದಿಯಿಂದ ಓಡಿಸಿದರೆ ಜನ ಇನ್ನೊಂದು ಬದಿಯಿಂದ ಸೇರುತ್ತಿದ್ದರು. ಒಂದಿಷ್ಟು ವ್ಯಾಪಾರವನ್ನು ಮೈದಾನಗಳಿಗೆ, ಶಾಲೆಯ ಬಯಲುಗಳಿಗೆ ಸಾಗಿಸಿ, ಪೌರಕಾರ್ಮಿಕರ ಕೈಯಲ್ಲಿ ಸುಣ್ಣದ ಪುಡಿಯಿಂದ ಚೌಕ ಹಾಕಿಸಿದ್ದಾಯಿತು. ಉಳಿದದ್ದಕ್ಕೆ ಇದ್ದ ದಾರಿ ಒಂದೇ: ಗಿರಾಕಿ ಪೇಟೆಗೆ ಬರುವುದು ಬೇಡ, ಗಾಡಿಯೇ ಓಣಿಗೆ ಹೋಗಲಿ. ಅದಕ್ಕೆ ಗಾಡಿಯವನ ಕೈಯಲ್ಲಿ ಪಾಸು ಬೇಕು, ಪಾಸಿಗೆ ಪಟ್ಟಿ ಬೇಕು.

12 ವಲಯ ಕಚೇರಿಗಳಿಂದ ಹಳೆಯ ಸಮೀಕ್ಷೆಯ ಹೆಸರುಗಳನ್ನು ತರಿಸಿಕೊಂಡು ಫೋನ್ ಹಚ್ಚತೊಡಗಿದರೆ ಬಹಳಷ್ಟು ನಂಬರು ಬಂದ್. ಸಿಕ್ಕವರಲ್ಲಿ ಕೆಲವರು ವ್ಯಾಪಾರ ಬಿಟ್ಟು ವರ್ಷವಾಗಿತ್ತು. ಕೂತು ಫೋನು ಮಾಡಿ ಮುಗಿಯುವ ಮಾತಲ್ಲ ಎಂದು ನಸುಕಿನಲ್ಲಿ ಅಮರಗೋಳದ ಎಪಿಎಂಸಿ ಗೇಟಿಗೇ ಹೋಗಿ ನಿಂತೆವು. ಲಿಲಾವು ಮುಗಿಸಿ ಮಾಲು ಹೇರಿಕೊಂಡು ಹೊರಬೀಳುವವರನ್ನೇ ತಡೆದು ಬರೆದುಕೊಂಡೆವು. ಹೆಸರು, ಫೋಟೊ, ಮೊಬೈಲು, ಆಧಾರ್, ಯಾವ ವಾರ್ಡಿಗೆ ಹೋಗುತ್ತೀರಿ. ಪೊಲೀಸರಿಗೆ ಇಷ್ಟು ಸಾಕಿತ್ತು. ನಾನು ಇನ್ನೊಂದು ಕಾಲಂ ಸೇರಿಸಿದೆ: ಲಾಕ್‌ಡೌನಿಗೆ ಮುಂಚೆ ಎಲ್ಲಿ, ಏನು ಮಾರುತ್ತಿದ್ದಿರಿ? ಆಗ ಅದಕ್ಕೆ ದೂರದೃಷ್ಟಿ ಏನೂ ಇರಲಿಲ್ಲ. ಪಾಸು ಸಿಗುತ್ತದೆ ಅಂದರೆ ಸುಮ್ಮನೆ ಊರು ಸುತ್ತಲು ಬರುವವರನ್ನು ಸೋಸಬೇಕಿತ್ತು, ಅಷ್ಟೇ.

ಆ ಕಾಲಂ ಓದತೊಡಗಿದಾಗಲೇ ನಿಜವಾದ ಚಿತ್ರ ಕಂಡದ್ದು. ತರಕಾರಿ ಗಾಡಿ ಎಂದು ಪಾಸು ಪಡೆದವರಲ್ಲಿ ಗಿರ್ಮಿಟ್ ಮಾಡುವವರು, ಬಳೆ-ಟಿಕಳಿ ಮಾರುವವರು, ಪಾನಿಪುರಿಯವರು, ಪೇಂಟಿಂಗ್ ಕೂಲಿಯವರು ಎಲ್ಲರೂ ಇದ್ದರು. ತಮ್ಮ ಕಸುಬು ಬಂದ್, ತರಕಾರಿ ಚಾಲೂ. ಹೀಗಾಗಿ ಗಾಡಿ ತಿರುಗಿಸಿಬಿಟ್ಟಿದ್ದರು. ಹುಬ್ಬಳ್ಳಿಯ ಒಬ್ಬ ಎಗ್ ರೈಸಿನವ ಹೇಳಿದ್ದು ಈಗಲೂ ನೆನಪಿದೆ: “ಒಲಿ ಇಳಿಸಿ ತಕ್ಕಡಿ ಏರಿಸೇನಿ ನೋಡ್ರಿ ಮೇಡಮ್ಮಾರ. ಬದನಿಕಾಯಿ ರೇಟ್ ಸೈತ ಗೊತ್ತಿಲ್ಲ ನನಗ. ಮುಂದಿನ ಗಾಡಿಯಾಂವ ಏನ್ ಕೂಗ್ತಾನ, ಅದನ್ನ ಕೂಗ್ತೀನಿ.” ಕಾಯಿಪಲ್ಲೆ ಮಾರಿ ಗೊತ್ತಿಲ್ಲದವನು ಸಂಜೆಗೆ ಬಾಡಿದ ಮಾಲು ಉಳಿಸಿಕೊಂಡು ಲುಕ್ಸಾನು ಮಾಡಿಕೊಳ್ಳುತ್ತಿದ್ದ, ಆದರೂ ಅವನ ಹೆಸರು ಪಾಲಿಕೆಯ ಪುಸ್ತಕದೊಳಗೆ ಬಂತು. ಇದು ಮುಂದೆ ಅವನಿಗೆ ಬಾಡಿದ ಸೊಪ್ಪಿಗಿಂತ ಎಷ್ಟೋ ಪಾಲು ದೊಡ್ಡ ಆಸ್ತಿಯಾಯಿತು.

ಬಿಟ್ಟುಹೋದವರು ಯಾರು? ಗಾಡಿ ಇಲ್ಲದವರು. ಪಾಸಿನ ನಮೂನೆಯೇ ತಳ್ಳುಗಾಡಿಗೆಂದು ಮಾಡಿದ್ದು. ಗಾಡಿ ಇರುವುದು ಬಹುತೇಕ ಗಂಡಸರ ಕೈಯಲ್ಲಿ. ನೆಲದ ಮೇಲೆ ಗೋಣಿತಟ್ಟು ಹಾಸಿ, ಬುಟ್ಟಿ ಇಟ್ಟು ಕೂರುವವರು ಹೆಣ್ಣುಮಕ್ಕಳು. ಅವರು ಒಂದೇ ಕಡೆ ಕೂತರೆ ಗುಂಪು ಸೇರುತ್ತದೆ ಎಂದು ಕೂರಲು ಬಿಡಲಿಲ್ಲ, ತಲೆ ಮೇಲೆ ಹೊತ್ತು ವಾರ್ಡು ಸುತ್ತುವುದು ವಯಸ್ಸಾದವರಿಂದ ಆಗಲಿಲ್ಲ. “ಬುಟ್ಟಿಗೆ ಪಾಸ್ ಇಲ್ಲೇನ್ರಿ ಅಕ್ಕಾರ?” ಎಂದು ಕೇಳಿದವರಿಗೆ ಕೊಡಲು ನಮ್ಮ ಹತ್ತಿರ ನಮೂನೆ ಇರಲಿಲ್ಲ.

2020ರ ಜೂನ್ 1ಕ್ಕೆ ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ತಂದಿತು. ಬೀದಿ ವ್ಯಾಪಾರಿಗೆ ಹತ್ತು ಸಾವಿರ ರೂಪಾಯಿ ದುಡಿಯುವ ಬಂಡವಾಳ, ಅಡವು ಬೇಡ, ಜಾಮೀನುದಾರ ಬೇಡ, 12 ಕಂತು. ಹೇಳಿದ ದಿನಕ್ಕೆ ಕಟ್ಟಿದರೆ ಶೇ. 7 ಬಡ್ಡಿ ಸಹಾಯಧನ ಖಾತೆಗೆ ಬರುತ್ತದೆ, ತೀರಿಸಿದ ಮೇಲೆ ಇಪ್ಪತ್ತು ಸಾವಿರ, ಆಮೇಲೆ ಐವತ್ತು ಸಾವಿರ. ಪರಿಹಾರ ಕೊಡಬೇಕಾದ ಹೊತ್ತಿನಲ್ಲಿ ಸಾಲ ಕೊಟ್ಟರು ಎಂಬ ಟೀಕೆ ಆಗಲೇ ಇತ್ತು, ಅದರಲ್ಲಿ ಸುಳ್ಳೇನಿಲ್ಲ. ಆದರೆ ನಮ್ಮೂರಲ್ಲಿ ಮೀಟರ್ ಬಡ್ಡಿ ಏನು ಎಂದು ಗೊತ್ತಿದ್ದವರು ಆ ಹತ್ತು ಸಾವಿರವನ್ನು ಹಗುರಾಗಿ ಕಾಣಲಾರರು. ಬೆಳಿಗ್ಗೆ ಒಂಬೈನೂರು ತೆಗೆದುಕೊಂಡು ಸಂಜೆ ಸಾವಿರ ಕೊಡುವ ಲೆಕ್ಕ ಅದು. ಸ್ವನಿಧಿಯಲ್ಲಿ ಇಡೀ ತಿಂಗಳ ಕಂತೇ ಒಂಬೈನೂರರ ಆಸುಪಾಸು.

ಶರತ್ತು ಇದ್ದದ್ದು ಒಂದು: 2020ರ ಮಾರ್ಚ್ 24ಕ್ಕೆ ಅಥವಾ ಅದಕ್ಕೂ ಮುಂಚಿನಿಂದ ನಗರದಲ್ಲಿ ವ್ಯಾಪಾರ ಮಾಡುತ್ತಿರಬೇಕು. ಪಾಲಿಕೆ ಕೊಟ್ಟ ವ್ಯಾಪಾರಿ ಗುರುತಿನ ಚೀಟಿ ಇದ್ದವರದು ಸಲೀಸು. ಸಮೀಕ್ಷೆಯಲ್ಲಿ ಹೆಸರಿದ್ದು ಚೀಟಿ ಇಲ್ಲದವರಿಗೂ ದಾರಿ ಇತ್ತು. ಸಮೀಕ್ಷೆಯಲ್ಲೇ ಬಿಟ್ಟುಹೋದವರಿಗೆ, ಸುತ್ತಲ ಹಳ್ಳಿಗಳಿಂದ ಬಂದು ಮಾರುವವರಿಗೆ ಪಾಲಿಕೆ ಶಿಫಾರಸು ಪತ್ರ ಕೊಡಬೇಕು. ಆ ಪತ್ರಕ್ಕೆ ಆಧಾರ ಏನು? ವ್ಯಾಪಾರಿ ಸಂಘದ ಸದಸ್ಯತ್ವ, ಹಿಂದೆ ವ್ಯಾಪಾರಕ್ಕೆಂದು ಪಡೆದ ಸಾಲದ ಕಾಗದ, ಏನೂ ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟು ಸ್ಥಳ ವಿಚಾರಣೆ. ಇಲ್ಲಿಯೇ ನನ್ನ ಹೆಚ್ಚುವರಿ ಕಾಲಂ ಕೆಲಸಕ್ಕೆ ಬಂತು. ಎಗ್ ರೈಸಿನವನು ಮಾರ್ಚ್‌ಗೆ ಮುಂಚೆ ಎಲ್ಲಿ ನಿಲ್ಲುತ್ತಿದ್ದ ಎನ್ನುವುದು ಅವನ ಬಾಯಿಂದಲೇ, ಸಾಲದ ಮಾತು ಹುಟ್ಟುವ ಮೊದಲೇ ಬರೆದಿಟ್ಟಿತ್ತು. ಅದನ್ನು ಇಟ್ಟುಕೊಂಡು ಆ ಜಾಗಕ್ಕೆ ಹೋಗಿ ಎದುರಿನ ಅಂಗಡಿಯವರನ್ನು ಕೇಳಿದರೆ ವಿಚಾರಣೆ ಅರ್ಧ ತಾಸಿನಲ್ಲಿ ಮುಗಿಯುತ್ತಿತ್ತು.

ಅತಿ ಹೆಚ್ಚು ಹೊತ್ತು ತಿಂದದ್ದು ಮೊಬೈಲು. ಅರ್ಜಿ ಆನ್‌ಲೈನು, ಆಧಾರಿಗೆ ಜೋಡಿಸಿದ ನಂಬರಿಗೆ ಓಟಿಪಿ ಬರಬೇಕು. ಆ ನಂಬರು ಯಾರದ್ದೋ. ಆಧಾರ್ ಮಾಡಿಸಿದ ವರ್ಷದ ಸಿಮ್ ಎಂದೋ ಹೋಗಿರುತ್ತದೆ, ಇಲ್ಲವೇ ಅದು ಅಳಿಯನದು, ಅವನು ಗೋವಾದಲ್ಲಿ. ಒಬ್ಬಾಕೆಯದು ಓಣಿಯ ಮೊಬೈಲ್ ಅಂಗಡಿಯವನ ನಂಬರಾಗಿತ್ತು. ನಂಬರು ಬದಲಿಸಲು ಆಧಾರ್ ಕೇಂದ್ರಕ್ಕೆ ಹೋದರೆ ಅಲ್ಲಿ ಕೊರೋನಾ ನಿಯಮ, ದಿನಕ್ಕೆ ಇಷ್ಟೇ ಟೋಕನ್. ಕೊನೆಗೆ ನಾವು ಅರ್ಜಿ ತುಂಬುವುದನ್ನು ಪಕ್ಕಕ್ಕಿಟ್ಟು ಮೊದಲು ನಂಬರು ಸರಿಮಾಡುವವರ ಪಟ್ಟಿ ಬೇರೆ ಮಾಡಿದೆವು. ಈ ಕೆಲಸ ಮಾಡುವವರು ಯಾರಾದರೂ ಕೇಳಿದರೆ ನಾನು ಹೇಳುವುದೂ ಅದನ್ನೇ: ಶಿಬಿರಕ್ಕೆ ಬ್ಯಾಂಕಿನವರನ್ನು ಕರೆಯುವ ಮೊದಲು ಆಧಾರ್ ಯಂತ್ರದವರನ್ನು ಕರೆಯಿರಿ.

ಬುಟ್ಟಿಯವರ ಮಾತಿಗೆ ಬರುತ್ತೇನೆ. ನವಲೂರಿನ ಪೇರಲ ಗೊತ್ತಿಲ್ಲದವರು ನಮ್ಮ ಭಾಗದಲ್ಲಿ ಇಲ್ಲ. ನವಲೂರು ಪಾಲಿಕೆ ವ್ಯಾಪ್ತಿಯಲ್ಲೇ ಇದೆ, ಆದರೆ ಅಲ್ಲಿನ ಹಣ್ಣಿನ ಬುಟ್ಟಿಯ ಹೆಣ್ಣುಮಕ್ಕಳು ಹಳೆಯ ಸಮೀಕ್ಷೆಯಲ್ಲೂ ಇರಲಿಲ್ಲ, ಪಾಸಿನ ಪಟ್ಟಿಯಲ್ಲೂ ಇರಲಿಲ್ಲ. ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಅಗಲವಾಗಿ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡತೊಡಗಿದ ಮೇಲೆ ಅವರು ಕೂರುವ ಜಾಗ ಅತ್ತಿತ್ತ ಸರಿದಿತ್ತು. ಸಮೀಕ್ಷೆಯವರು ಹೋದಾಗ ಇವರಿಲ್ಲ, ಇವರಿದ್ದಾಗ ಸಮೀಕ್ಷೆ ಇಲ್ಲ. ಹಣ್ಣಿನ ಹಂಗಾಮು ಇಲ್ಲದಾಗ ಅವರೇ ಹೊಲದ ಕೂಲಿಗೆ ಹೋಗುತ್ತಾರೆ. ಕಾಗದದ ಭಾಷೆಯಲ್ಲಿ ಇವರು ವ್ಯಾಪಾರಿಗಳೋ ಕೂಲಿಗಳೋ?

ವಿಚಾರಣೆಗೆ ಹೋದಾಗ ನಾನು ಕಾಗದ ಕೇಳಲಿಲ್ಲ, ಬುಟ್ಟಿ ನೋಡಿದೆ. ಮೇಲೆ ಎಲೆ ಸಮೇತದ ಹಣ್ಣು, ಕೆಳಗೆ ದೋರಗಾಯಿ, ತೀರ ಹಣ್ಣಾದದ್ದನ್ನು ಬೇರೆ ಮಾಡಿ ಒಂದು ಪುಟ್ಟ ಗುಡ್ಡೆ. ಉಪ್ಪು-ಖಾರದ ಡಬ್ಬಿ ಸೆರಗಿನ ಮರೆಯಲ್ಲಿ. ತೋಟದವರಿಂದ ಹಣ್ಣು ಹೇಗೆ ತರುತ್ತೀರಿ ಎಂದು ಕೇಳಿದೆ. ಉದ್ರಿ ಮಾಲಿಗೆ ಒಂದು ರೇಟು, ರೊಕ್ಕದ ಮಾಲಿಗೆ ಒಂದು ರೇಟು. “ರೊಕ್ಕಾ ಎಣಿಸಿದ್ರ ಚಲೋ ಬುಟ್ಟಿ ಕೊಡ್ತಾರ್ರಿ. ಉದ್ರಿ ಅಂದ್ರ ಉಳದದ್ದು ಕೊಡ್ತಾರ. ಅದನ್ನ ಮಾರೂದ್ರಾಗ ಹೊತ್ತು ಮುಣಗತೈತಿ.” ಇಷ್ಟು ಹೇಳಬಲ್ಲವಳು ವ್ಯಾಪಾರಿಯಲ್ಲದಿದ್ದರೆ ಇನ್ಯಾರು? ಬಸ್ ನಿಲ್ದಾಣದ ಚಹಾದಂಗಡಿಯವರ ಹೇಳಿಕೆ, ಜಾಗದ ಫೋಟೊ, ಅವರದೇ ಹೆಬ್ಬೆಟ್ಟು ಅಥವಾ ಸಹಿ ಇಷ್ಟನ್ನು ಲಗತ್ತಿಸಿ ಕಡತ ಮೇಲೆ ಕಳಿಸಿದೆ. ಶಿಫಾರಸು ಪತ್ರ ಬಂತು. ಒಂದೇ ಮನೆತನದ ಮೂವರು ತಮ್ಮ ಮೂರು ಸಾಲ ಕೂಡಿಸಿ ಒಂದು ಸಣ್ಣ ತೋಟದ ಫಸಲನ್ನೇ ಗುತ್ತಿಗೆ ಹಿಡಿದರು. ಯೋಜನೆಯ ಪುಸ್ತಕದಲ್ಲಿ ಹೀಗೆ ಕೂಡಿಸಿ ಬಳಸಬಹುದು ಎಂದು ಎಲ್ಲೂ ಬರೆದಿಲ್ಲ, ಬಳಸಬಾರದು ಎಂದೂ ಬರೆದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಬ್ಯಾಂಕುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೆಲವು ಶಾಖೆಯವರು ಟೇಬಲ್ ಹಾಕಿಕೊಂಡು ಸಂಜೆವರೆಗೆ ಕೂತರು. ಒಂದು ಶಾಖೆಯಲ್ಲಿ ಮಾತ್ರ ಹಳೆಯ ಸಂಘದ ಸಾಲದ ಕಂತು ಬಾಕಿ ಇದೆ ಎಂದು ಅರ್ಜಿಗಳನ್ನು ಗಂಟುಕಟ್ಟಿ ಇಟ್ಟಿದ್ದರು. ಆ ಸಂಘದ ಪಾಸ್‌ಬುಕ್ಕು, ಠರಾವು ಪುಸ್ತಕ ತೋರಿಸಿ ಒಂದೊಂದಾಗಿ ಬಿಡಿಸಬೇಕಾಯಿತು.

ಇನ್ನೊಂದು ಸಂಗತಿ ಜನರಿಗೆ ಮರೆತೇ ಹೋಗಿದೆ. ಈ ಇಡೀ ಕಾಲದಲ್ಲಿ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಹಿಂದಿನ ಅವಧಿ 2019ರ ಮಾರ್ಚ್‌ಗೆ ಮುಗಿದಿತ್ತು. ಮುಂದಿನ ಚುನಾವಣೆ, 67 ವಾರ್ಡು ಹೋಗಿ 82 ಆದ ಮೇಲೆ, ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಮೇಯರ್ ಆಯ್ಕೆಯಾದದ್ದು 2022ರ ಮೇನಲ್ಲಿ. ಎರಡೂ ಅಲೆಗಳು ಆಡಳಿತಾಧಿಕಾರಿಯ ಕಾಲದಲ್ಲೇ ಬಂದು ಹೋದವು. ಇದರಿಂದ ಕೆಲಸ ಬೇಗ ಆಯಿತು ಎನ್ನುವವರಿದ್ದಾರೆ, ಕಡತ ಸುತ್ತುವುದು ಕಡಿಮೆ ಎಂಬ ಅರ್ಥದಲ್ಲಿ. ನನಗೆ ಹಾಗನಿಸುವುದಿಲ್ಲ. ಓಣಿಯಲ್ಲಿ ಯಾವ ಮುದುಕಿ ಎಲ್ಲಿ ಏನು ಮಾರುತ್ತಾಳೆ ಎಂದು ಗೊತ್ತಿರುವುದು ವಾರ್ಡಿನ ಸದಸ್ಯನಿಗೆ. ಮಾಜಿಗಳಾಗಿದ್ದರೂ ಫೋನ್ ಎತ್ತಿದವರಿಂದಲೇ ನಮಗೆ ಬಿಟ್ಟುಹೋದ ಹೆಸರುಗಳು ಸಿಕ್ಕದ್ದು. ಸಹಿ ಹಾಕುವ ಅಧಿಕಾರ ಅವರಿಗಿರಲಿಲ್ಲ, ತಿಳಿವಳಿಕೆ ಇತ್ತು.

2021ರ ಏಪ್ರಿಲ್ 27ಕ್ಕೆ ಮತ್ತೆ ಎಲ್ಲ ಬಂದ್. ಖರೀದಿಗೆ ಬೆಳಿಗ್ಗೆ ಆರರಿಂದ ಹತ್ತು. ಮೇ 19ರಂದು ರಾಜ್ಯ ಸರ್ಕಾರ 1,250 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸಿತು. ಅದರಲ್ಲಿ ಬೀದಿ ವ್ಯಾಪಾರಿಗಳಿಗೆ ತಲಾ ಎರಡು ಸಾವಿರ. ಯಾರಿಗೆ? ಆತ್ಮನಿರ್ಭರ ಯೋಜನೆಯಲ್ಲಿ (ಇದೇ ಸ್ವನಿಧಿ) ನೋಂದಾಯಿತರಾದ 2.20 ಲಕ್ಷ ಮಂದಿಗೆ. ಅಂದರೆ ಸಾಲಕ್ಕೆಂದು ಮಾಡಿದ ಪಟ್ಟಿಯೇ ಈಗ ಪರಿಹಾರದ ಪಟ್ಟಿ. ಸಾಲ ಬೇಡ, ಕಟ್ಟಲಾಗುವುದಿಲ್ಲ ಎಂದು ಪ್ರಾಮಾಣಿಕವಾಗಿ ಹಿಂದೆ ಸರಿದವರಿಗೆ ಆ ಎರಡು ಸಾವಿರವೂ ಇಲ್ಲ. ಅಂಥವರು ಕಚೇರಿಗೆ ಬಂದು, “ಸಾಲ ಮಾಡಲಿಲ್ಲಂತ ಶಿಕ್ಷಾ ಏನ್ರಿ ಇದು?” ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಪರಿಹಾರಕ್ಕೆ ಬೇಕಾಗುವ ಪಟ್ಟಿ ಮತ್ತು ಸಾಲಕ್ಕೆ ಬೇಕಾಗುವ ಪಟ್ಟಿ ಬೇರೆ ಬೇರೆ ಇರಬೇಕು ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಡಿಜಿಟಲ್ ವ್ಯವಹಾರಕ್ಕೆ ತಿಂಗಳಿಗೆ ನೂರು ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇತ್ತು. ಗಂಡಸರು ಕ್ಯೂಆರ್ ಕೋಡ್ ತಕ್ಷಣ ನೇತುಹಾಕಿದರು. ಬುಟ್ಟಿಯವರಲ್ಲಿ ಬಹಳ ಮಂದಿ ಒಲ್ಲೆ ಎಂದರು. ಕಾರಣ ಕೇಳಿದರೆ ನಗುತ್ತಿದ್ದರು, ಆಮೇಲೆ ಒಬ್ಬಾಕೆ ಹೇಳಿದಳು: ರೊಕ್ಕ ಹೋಗುವುದು ಮಗನ ಫೋನಿಗೆ, ಕೈಯಲ್ಲಿದ್ದರೆ ತನ್ನ ಸಂಚಿಗೆ. ತಮ್ಮದೇ ಫೋನು, ತಮ್ಮದೇ ಖಾತೆ ಇದ್ದವರಿಗೆ ಮಾತ್ರ ಅದನ್ನು ಒತ್ತಾಯಿಸುವುದು ಎಂದು ತೀರ್ಮಾನಿಸಿದೆವು.

2025ರಲ್ಲಿ ಯೋಜನೆ ಹೊಸ ರೂಪ ಪಡೆದು ಮೊದಲ ಸಾಲ ಹದಿನೈದು ಸಾವಿರ, ಎರಡನೆಯದು ಇಪ್ಪತ್ತೈದು ಸಾವಿರ ಆಗಿದೆ, 2030ರ ಮಾರ್ಚ್‌ವರೆಗೆ ಮುಂದುವರಿದಿದೆ. ಹೊಸಬರು ಬರುತ್ತಿದ್ದಾರೆ. ಜೊತೆಗೆ ಕೆಲಸಕ್ಕೆ ಸೇರಿದ ಹುಡುಗ-ಹುಡುಗಿಯರೂ ಬರುತ್ತಿದ್ದಾರೆ. ಅವರಿಗೆ ನಾನು ಕೊಡುವ ಸೂಚನೆ ಸಣ್ಣದು. ಸಮೀಕ್ಷೆಯನ್ನು ಕಚೇರಿ ಹೊತ್ತಿನಲ್ಲಿ ಮಾಡಬೇಡಿ. ಸೊಪ್ಪಿನವರು ಬೆಳಿಗ್ಗೆ ಎಂಟಕ್ಕೆ ಬುಟ್ಟಿ ಖಾಲಿ ಮಾಡಿ ಹೋಗಿರುತ್ತಾರೆ, ಎಗ್ ರೈಸಿನವರು ಒಲೆ ಹಚ್ಚುವುದು ಸಂಜೆ ಏಳಕ್ಕೆ. ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ ಅದೇ ರಸ್ತೆಯಲ್ಲಿ ನಡೆಯಿರಿ, ಸಂತೆಯ ದಿನ ಇನ್ನೊಮ್ಮೆ. ನಮೂನೆಯಲ್ಲಿ ಗಾಡಿಯ ಕಾಲಂ ಪಕ್ಕ ಬುಟ್ಟಿಗೂ ಒಂದು ಕಾಲಂ ಎಳೆದುಕೊಳ್ಳಿ, ಮತ್ತು ಆಧಾರಿನ ಮೊಬೈಲ್ ನಂಬರು ಯಾರ ಕೈಯಲ್ಲಿದೆ ಎಂದು ಅಲ್ಲೇ ಫೋನ್ ಹಚ್ಚಿ ನೋಡಿ.