ನೀವಿಲ್ಲದ ದಿನ ಗೌಂಡಿ ಬಂದರೆ

ಏಪ್ರಿಲ್ ಮುಗಿದು ಮೇ ಹಿಡಿಯಿತೆಂದರೆ ಶಿರಸಿಯ ಸುತ್ತಮುತ್ತ ಗೌಂಡಿ, ಪ್ಲಂಬರ್, ವಯರ್‌ಮನ್ ಯಾರೂ ಕೈಗೆ ಸಿಗುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯುವುದರೊಳಗೆ ಎಲ್ಲರ ಮನೆಯ ಸೋರಿಕೆಯೂ ನಿಲ್ಲಬೇಕು, ಎಲ್ಲರ ಬಚ್ಚಲೂ ಮುಗಿಯಬೇಕು. ಮಾರಿಕಾಂಬಾ ಜಾತ್ರೆಯ ವರ್ಷವಾದರಂತೂ ಮಾರ್ಚ್ ತಿಂಗಳ ಕೆಲಸವೂ ಮುಂದೆ ಹೋಗಿ ಮೇ ತಿಂಗಳ ಮೇಲೇ ಬೀಳುತ್ತದೆ. ‘ನಾಳೆ ಬರ್ತೇನೆ’ ಅಂದವರು ಬಂದೇ ಬಿಟ್ಟ ದಿನ ನೀವು ಆಫೀಸಿನಲ್ಲೋ, ಹುಬ್ಬಳ್ಳಿಯ ಆಸ್ಪತ್ರೆಯಲ್ಲೋ, ಬೆಂಗಳೂರಿನ ಮಗಳ ಮನೆಯಲ್ಲೋ ಇರುತ್ತೀರಿ. ‘ಇವತ್ತು ಬೇಡ’ ಎಂದು ಕಳಿಸಿದಿರೋ, ಆ ಮನುಷ್ಯ ಮತ್ತೆ ಮುಖ ತೋರಿಸುವುದು ದೀಪಾವಳಿಗೆ. ಮನೆ ಬಿಟ್ಟುಕೊಡದೆ ಗತಿಯಿಲ್ಲ.

ಬರುವವರು ಒಳ್ಳೆಯವರೋ ಕೆಟ್ಟವರೋ ಎಂಬ ಲೆಕ್ಕಕ್ಕೇ ನಾನು ಹೋಗುವುದಿಲ್ಲ. ಕೆಲಸ ಮಾಡಿ ಹೋದವನ ಮೇಲೆ ಆಮೇಲೆ ಒಂದು ಮಾತು ಬರಬಾರದು, ಅಷ್ಟೇ ನನ್ನ ಲೆಕ್ಕ. ಬಚ್ಚಲಿನ ಗೂಡಿನಲ್ಲಿ ಉಂಗುರ ತೆಗೆದಿಟ್ಟು ಮರೆತು ಹೋಗಿರುತ್ತೀರಿ, ವಾರ ಕಳೆದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಮೊದಲು ಬಾಯಿಗೆ ಬರುವುದು ಪ್ಲಂಬರನ ಹೆಸರು. ಆ ಉಂಗುರ ಮುಂದೆ ಯಾವುದೋ ಸೀರೆಯ ಮಡಿಕೆಯಲ್ಲಿ ಸಿಕ್ಕರೂ, ಅಷ್ಟರೊಳಗೆ ಮಾತು ನಾಲ್ಕು ಮನೆ ತಿರುಗಿರುತ್ತದೆ. ಸಣ್ಣ ಊರಿನಲ್ಲಿ ಹೆಸರು ಕೆಟ್ಟರೆ ಅವನ ಹೊಟ್ಟೆಪಾಡೇ ಹೋಯಿತು. ಕೆಲಸದವರು ಬರುವ ಮೊದಲೇ ಕಪಾಟಿಗೆ ಬೀಗ ಹಾಕಿಡುವುದರಿಂದ ಕಪಾಟಿನಷ್ಟೇ ಅವನೂ ಉಳಿಯುತ್ತಾನೆ.

ನಮ್ಮ ಕಡೆಯ ಮನೆಗಳಲ್ಲಿ ಬಂಗಾರದ ಬಗ್ಗೆ ಎಲ್ಲರಿಗೂ ನೆನಪಿರುತ್ತದೆ, ಅಟ್ಟದ ಮೇಲಿನದು ನೆನಪಿರುವುದಿಲ್ಲ. ಚಾಲಿ ಅಡಿಕೆಯ ಮೂಟೆ, ಕಾಳುಮೆಣಸಿನ ಚೀಲ ಅಟ್ಟದಲ್ಲೋ ಜಗುಲಿಯ ಮೂಲೆಯಲ್ಲೋ ಬಾಯಿ ತೆರೆದುಕೊಂಡೇ ಬಿದ್ದಿರುತ್ತವೆ. ಒಂದು ಚೀಲ ಮೆಣಸಿಗೆ ಈಗ ಏನು ಬೆಲೆ ಎಂದು ನಿಮಗೇ ಗೊತ್ತು. ಮಾರುವುದಿದ್ದರೆ ಕೆಲಸ ಹಿಡಿಸುವ ಮೊದಲೇ ಸೊಸೈಟಿಗೆ ಹಾಕಿಬಿಡಿ. ಇಲ್ಲವಾದರೆ ತೂಕ ಮಾಡಿ, ಬಾಯಿ ಹೊಲಿದು, ತೂಕವನ್ನು ಚೀಲದ ಮೇಲೇ ಬರೆದು, ಒಂದು ಕೋಣೆಗೆ ಸೇರಿಸಿ ಬೀಗ ಹಾಕಿ. ದೇವರ ಕೋಣೆಯ ಬೆಳ್ಳಿ ಸಾಮಾನೂ ಅಲ್ಲಿಗೇ ಹೋಗಲಿ. ಮನೆಯ ಕಾಗದಪತ್ರ, ಪಾಸ್‌ಬುಕ್ಕು, ಗೋಡೆಗೆ ಅಂಟಿಸಿಟ್ಟ ವೈಫೈ ಪಾಸ್‌ವರ್ಡು ಕೂಡ.

ಇನ್ನು ಬೀಗದ ಕೈ. ತುಳಸಿಕಟ್ಟೆಯ ಗೂಡು, ಹೂಕುಂಡದ ಅಡಿ, ಬಚ್ಚಲ ಒಲೆಯ ಹಿಂದಿನ ಮೊಳೆ, ಇವೆಲ್ಲ ಊರಿಗೇ ಗೊತ್ತಿರುವ ಜಾಗಗಳು. ನಿಮ್ಮ ಮುಂಬಾಗಿಲಿನ ಕೈಯನ್ನು ಯಾರಿಗೂ ಕೊಡಬೇಡಿ. ಕೆಲಸ ನಡೆಯುವಷ್ಟು ದಿನ ಹಿತ್ತಲ ಬಾಗಿಲಿಗೋ ಬಚ್ಚಲ ಬಾಗಿಲಿಗೋ ಬೇರೆಯದೇ ಒಂದು ಬೀಗ ಹಾಕಿ, ಅದರ ಕೈಯನ್ನಷ್ಟೇ ಕೊಡಿ. ಕೆಲಸ ಮುಗಿದ ದಿನ ಆ ಬೀಗ ತೆಗೆದು ಒಳಗಿಟ್ಟು, ನಿಮ್ಮ ಮಾಮೂಲಿ ಬೀಗ ಹಾಕಿಕೊಳ್ಳಿ. ಆ ಕೈಗೆ ಯಾರಾದರೂ ನಕಲು ಮಾಡಿಸಿರಬಹುದೇ ಎಂದು ರಾತ್ರಿ ಕೂತು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಆ ಬಾಗಿಲಿನಿಂದ ನಡುಮನೆಗೆ ಬರುವ ಬಾಗಿಲನ್ನು ಮಾತ್ರ ಒಳಗಿನಿಂದ ಅಗುಳಿ ಹಾಕಿ ಭದ್ರ ಮಾಡಿಟ್ಟು, ನೀವು ಮುಂಬಾಗಿಲಿನಿಂದ ಹೊರಬೀಳಬೇಕು.

ಬೀಗ ಹಿತ್ತಾಳೆಯದೇ ಇರಲಿ. ಕಾರವಾರ, ಅಂಕೋಲಾ, ಕುಮಟಾ ಕಡೆ ಸಮುದ್ರದ ಉಪ್ಪುಗಾಳಿಗೆ ಕಬ್ಬಿಣದ ಬೀಗ ಒಂದು ಮಳೆಗಾಲಕ್ಕೇ ತುಕ್ಕು ಹಿಡಿದು ಕೂರುತ್ತದೆ. ಬಿಗಿಯಾಯಿತೆಂದು ತೆಂಗಿನೆಣ್ಣೆ ಬಿಡುವುದು ನಮ್ಮವರ ಅಭ್ಯಾಸ. ಚಳಿಗೆ ಅದು ಒಳಗೇ ಹೆಪ್ಪುಗಟ್ಟಿ, ಧೂಳು ಹಿಡಿದು, ಮೊದಲಿಗಿಂತ ಬಿಗಿಯಾಗುತ್ತದೆ. ಪೆನ್ಸಿಲ್ಲಿನ ಕಡ್ಡಿ ಕೆರೆದು ಪುಡಿ ಹಾಕಿ, ಇಲ್ಲವೇ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಿ.

ಬೀಗದ ಕೈ ಕೊಡುವುದು ಕೆಲಸದವರ ಕೈಗಲ್ಲ, ಪಕ್ಕದ ಮನೆಯವರ ಕೈಗೆ. ಅವರು ಬಾಗಿಲು ತೆಗೆದುಕೊಟ್ಟು ಸಂಜೆ ಹಾಕಿಕೊಂಡರೆ ಸಾಕು, ಇಡೀ ದಿನ ಕಾವಲು ಕೂರಿಸುವುದು ನ್ಯಾಯವಲ್ಲ. ಅವರಿಗೂ ಅಡಿಗೆ, ತೋಟ, ಮದುವೆಮನೆ ಇರುತ್ತದೆ. ‘ಅಕ್ಕಾ, ನಾಳೆ ಮನೇಲಿರ್ತೀರಾ?’ ಎಂದು ಮೊದಲೇ ಕೇಳಿ. ಬರುವವರು ಯಾರು, ಎಷ್ಟು ಜನ ಎಂದು ಅವರಿಗೂ ಹೇಳಿರಿ. ಮೇಸ್ತ್ರಿ ತಾನು ಬರುತ್ತೇನೆಂದು ಹೇಳಿ ಬೇರೆ ಹುಡುಗರನ್ನು ಕಳಿಸುವುದು ಮಾಮೂಲು. ಅಂಥ ಹೊತ್ತಿನಲ್ಲಿ ಮೇಸ್ತ್ರಿಗೆ ಒಂದು ಫೋನ್ ಮಾಡಿಯೇ ಬಾಗಿಲು ತೆಗೆಯಲಿ. ‘ಯಾವೂರು ತಮ್ಮಾ, ಯಾರ ಮನೆ?’ ಎಂದು ಕೇಳುವ ನಮ್ಮ ಚಾಳಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಟೈಲ್ಸ್, ಪೇಂಟಿನ ಕೆಲಸಕ್ಕೆ ಈಗ ಬಿಹಾರ, ಒಡಿಶಾದ ಹುಡುಗರೂ ಬರುತ್ತಾರೆ. ಅವರ ಜೊತೆ ಫೋನಿನಲ್ಲಿ ಹಿಂದಿ ಹೊಡೆದಾಡುವುದಕ್ಕಿಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿಟ್ಟು ಹೋಗುವುದು ವಾಸಿ: ನಲ್ಲಿ ಇಲ್ಲಿ, ಪ್ಲಗ್ ಅಲ್ಲಿ, ಇಷ್ಟು ಎತ್ತರ.

ಕುಡಿಯುವ ನೀರಿನ ಕೊಡ, ತಂಬಿಗೆ, ಬೆಲ್ಲ ಹೊರಗೆ ಜಗುಲಿಯಲ್ಲೇ ಇಟ್ಟಿರಿ. ಕವಳದ, ಅಂದರೆ ಎಲೆಅಡಿಕೆಯ, ತಟ್ಟೆಯನ್ನೂ ಇಟ್ಟರೆ ಉಗುಳುವ ಜಾಗ ಯಾವುದೆಂದೂ ತೋರಿಸಿಯೇ ಹೋಗಿ, ಹೊಸ ಸುಣ್ಣದ ಗೋಡೆ ನಿಮ್ಮದೇ. ಅವರು ಬಳಸುವ ಪಾಯಿಖಾನೆ ಯಾವುದೆಂದು ನಾವೇ ಹೇಳಿಬಿಡಬೇಕು. ಕೇಳಲು ಸಂಕೋಚಪಟ್ಟು ಪಾಪ ತೋಟದ ಕಡೆ ಹೋಗುತ್ತಾರೆ.

ವಯರಿಂಗ್ ಕೆಲಸವಿದ್ದರೆ ಒಂದು ವಿಷಯ ಕಡ್ಡಾಯವಾಗಿ ಬರೆದು ಮೀಟರ್ ಬೋರ್ಡಿನ ಮೇಲೆ ಅಂಟಿಸಿ: ‘ಮನೆಯಲ್ಲಿ ಇನ್ವರ್ಟರ್ ಇದೆ.’ ಮಲೆನಾಡಿನ ಮಳೆಗೆ ಕರೆಂಟು ಹೋಗಿ ಹೋಗಿ ಈಗ ಹೆಚ್ಚಿನ ಮನೆಗಳಲ್ಲಿ ಇನ್ವರ್ಟರ್ ಕೂತಿದೆ. ಮೇನ್ ಸ್ವಿಚ್ ಇಳಿಸಿದರೂ ಇನ್ವರ್ಟರಿನ ಲೈನಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ, ಹೊಸ ಹುಡುಗನಿಗೆ ಆ ಲೈನು ಯಾವುದೆಂದು ಗೊತ್ತಿರುವುದಿಲ್ಲ. ನೀವು ಹೊರಡುವಾಗ ಅದನ್ನೂ ಆರಿಸಿ, ಬ್ಯಾಟರಿಯ ತಂತಿ ಬಿಚ್ಚುವುದನ್ನು ಅವನೇ ನೋಡಿಕೊಳ್ಳಲಿ. ಗ್ಯಾಸ್ ರೆಗ್ಯುಲೇಟರ್ ಮುಚ್ಚಿಡಿ. ಸೋರಿದ ವಾಸನೆ ಬಂದರೆ 1906ಕ್ಕೆ ಫೋನ್ ಮಾಡಬೇಕೆಂದು ಅದೇ ಚೀಟಿಯಲ್ಲಿ ಬರೆಯಿರಿ. ಟ್ಯಾಂಕಿನಿಂದ ಇಳಿಯುವ ನೀರನ್ನು ನಿಲ್ಲಿಸುವ ಗೇಟ್ ವಾಲ್ವ್ ಎಲ್ಲಿದೆ ಎಂಬುದನ್ನೂ. ಅದು ವರ್ಷಗಟ್ಟಲೆ ತಿರುಗಿಸದೆ ಜಾಮ್ ಆಗಿರುತ್ತದೆ, ಒಂದು ಸಲ ನೀವೇ ತಿರುಗಿಸಿ ನೋಡಿ.

ಕ್ಯಾಮೆರಾ ಇದ್ದರೆ ಇದೆ ಎಂದು ಬಾಯಿಬಿಟ್ಟು ಹೇಳಿ, ಕದ್ದು ನೋಡುವುದು ಯಾರಿಗೂ ಹಿತವಲ್ಲ. ವಯರ್‌ಮನ್ ಮೇನ್ ಇಳಿಸಿದ ಕೂಡಲೇ ಕ್ಯಾಮೆರಾವೂ ವೈಫೈಯೂ ಒಟ್ಟಿಗೇ ನಿಲ್ಲುತ್ತವೆ. ಬೆಂಗಳೂರಿನಲ್ಲಿ ಕೂತ ಮಗ ‘ಅಮ್ಮಾ, ಕ್ಯಾಮೆರಾ ಬಂದ್ ಮಾಡಿದಾರೆ’ ಎಂದು ಗಾಬರಿಯಾಗಿ ಫೋನ್ ಮಾಡುತ್ತಾನೆ. ಅವನಿಗೂ ಮೊದಲೇ ಹೇಳಿಟ್ಟಿರಿ.

ನೀವು ಎದುರಿಲ್ಲದ ಕೆಲಸದಲ್ಲಿ ನಿಜವಾಗಿ ಕೆಡುವುದು ಒಳಗೆ ಮುಚ್ಚಿ ಹೋಗುವಂಥದ್ದು. ಗೋಡೆ ಕೊರೆದು ಪೈಪು ಕೂರಿಸಿದ ಮೇಲೆ, ಸಿಮೆಂಟು ಹಚ್ಚುವ ಮೊದಲು, ಒಂದು ಫೋಟೋ ಕಳಿಸಲು ಹೇಳಿ. ಪೈಪಿನ ಪಕ್ಕ ಟೇಪು ಹಿಡಿದು ತೆಗೆದ ಫೋಟೋ. ಮುಂದೆ ಮೊಳೆ ಹೊಡೆಯುವಾಗ ನಿಮಗೆ ಅದೇ ನಕ್ಷೆ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದರೆ, ನೀರು ಹೋಗುವ ಬಾಯಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ನೋಡದೆ ಟೈಲ್ಸ್ ಹಾಕಲು ಒಪ್ಪಬೇಡಿ, ಆ ಒಂದು ದಿನಕ್ಕೆ ಹೇಗಾದರೂ ಊರಿಗೆ ಬನ್ನಿ. ಹೊಸ ಗಿಲಾವಿಗೆ ಏಳು ದಿನವಾದರೂ ನೀರು ಹೊಡೆಯಬೇಕು, ಅದನ್ನು ಯಾರು ಹೊಡೆಯುತ್ತಾರೆಂದು ಮೊದಲೇ ಮಾತಾಡಿಕೊಳ್ಳಿ. ಹಳೆಯ ಮನೆಯ ಕೆಂಪು ನೆಲವಿದ್ದರೆ ಖಾಲಿ ಗೋಣಿಚೀಲ ದಪ್ಪಗೆ ಹಾಸಿಟ್ಟು ಹೋಗಿ. ಸಿಮೆಂಟಿನ ಬಿಳಿ ಕಲೆ ಅದರ ಮೇಲೆ ಕೂತರೆ ಏಳುವುದಿಲ್ಲ.

ನೀವಿಲ್ಲದಾಗ ಮಾಡಿಸಲೇಬಾರದ ಕೆಲಸಗಳೂ ಇವೆ. ಮಾಡು ಹತ್ತಿ ಹಂಚು ಸರಿಮಾಡುವುದು, ಬಾವಿಗೆ ಇಳಿದು ಕೆಸರು ತೆಗೆಯುವುದು. ಹತ್ತಿರದಲ್ಲೇ ಒಬ್ಬರು ದೊಡ್ಡವರು ನಿಂತಿರಬೇಕು, ಫೋನ್ ಕೈಯಲ್ಲಿರಬೇಕು. ಸಂಡಾಸಿನ ಗುಂಡಿಗೆ ಮನುಷ್ಯರನ್ನು ಇಳಿಸುವುದಂತೂ ನೀವಿದ್ದರೂ ಬೇಡ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯಿದೆಯ ಪ್ರಕಾರ ಅದು ಅಪರಾಧ, ಮೇಲಾಗಿ ಒಳಗಿನ ಗಾಳಿ ಜೀವ ತೆಗೆಯುತ್ತದೆ. ಯಂತ್ರದ ಗಾಡಿಯನ್ನೇ ಕರೆಸಿ.

ದುಡ್ಡಿನ ಮಾತು. ನಲ್ಲಿ, ಪೈಪು, ಸ್ವಿಚ್ಚು ನೀವೇ ಅಂಗಡಿಯಲ್ಲಿ ಬಿಲ್ಲು ಮಾಡಿಸಿ ತಂದಿಡಿ. ತೆಗೆದ ಹಳೆಯ ಸಾಮಾನು ಮನೆಯಲ್ಲೇ ಇರಲಿ ಎನ್ನಿ. ಪಂಪಿಗೆ ಹೊಸ ವೈಂಡಿಂಗ್ ಆಯಿತೆಂದರೆ ಹಳೆಯ ತಾಮ್ರದ ತಂತಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. ಅದು ಮೆಕ್ಯಾನಿಕ್ಕಿಗೋ ನಿಮಗೋ ಎಂಬುದು ಮೊದಲೇ ತೀರ್ಮಾನವಾದರೆ ಮನಸ್ತಾಪವಿಲ್ಲ. ಪೂರ್ತಿ ಹಣ ಮುಂಗಡ ಕೊಡಬೇಡಿ. ಆದರೆ ನೀವು ಮರಳಿದ ದಿನ ನಲ್ಲಿ ಬಿಟ್ಟು, ಸ್ವಿಚ್ಚು ಹಾಕಿ ನೋಡಿ, ಸರಿಯಿದ್ದರೆ ಬಾಕಿಯನ್ನು ಅವತ್ತೇ ಕಳಿಸಿಬಿಡಿ. ನಾಲ್ಕು ಸಲ ಬಾಗಿಲಿಗೆ ಅಲೆಸಿಕೊಂಡವನು ಮುಂದಿನ ಮೇ ತಿಂಗಳಲ್ಲಿ ನಿಮ್ಮ ಫೋನ್ ಎತ್ತುವುದಿಲ್ಲ.