ಡೆಬಿಯನ್ 13ಕ್ಕೆ ನಿಮ್ಮ ಪ್ಯಾಕೇಜನ್ನು ಅಣಿಗೊಳಿಸುವ ಬಗೆ

ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್ನಿನ 13ನೆಯ ಆವೃತ್ತಿ, ಅಂದರೆ ‘ಟ್ರಿಕ್ಸಿ’, 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಅಧಿಕೃತ ಭಂಡಾರದ ಹೊರಗೆ, ಸ್ವಂತ ರೆಪೊಸಿಟರಿಯ ಮೂಲಕ ತಂತ್ರಾಂಶ ಹಂಚುವವರಿಗೆ ಮೊದಲು ಹೇಳಬೇಕಾದ ಮಾತಿದು: ಡೆಬಿಯನ್ 12ಕ್ಕೆಂದು ಕಟ್ಟಿದ ಪ್ಯಾಕೇಜು 13ರಲ್ಲೂ ತಕರಾರಿಲ್ಲದೆ ಇನ್‌ಸ್ಟಾಲ್ ಆಯಿತೆಂದು ಅದನ್ನೇ ಹಂಚುತ್ತ ಕೂರಬೇಡಿ.

32 ಬಿಟ್ಟಿನ ಸಮಯದ ಎಣಿಕೆ 2038ರ ಜನವರಿ 19ರಂದು ತುಂಬಿಹೋಗುತ್ತದೆ. ಅದಕ್ಕಾಗಿ ಈ ಬಿಡುಗಡೆಯಲ್ಲಿ 32 ಬಿಟ್ಟಿನ ಇಂಟೆಲ್ ಮಾದರಿಯ ಐ386 ಹೊರತು ಉಳಿದ 32 ಬಿಟ್ ಆರ್ಕಿಟೆಕ್ಚರುಗಳನ್ನೂ (ಪ್ರೊಸೆಸರ್ ಬಗೆಗಳನ್ನೂ) 64 ಬಿಟ್ಟಿನ ಎಣಿಕೆಗೆ ಬದಲಿಸಲಾಗಿದ್ದು, ಆ ಬದಲಾವಣೆಗೆ ಒಳಪಟ್ಟ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡು) ಪ್ಯಾಕೇಜುಗಳ ಹೆಸರಿಗೆ ‘ಟಿ64’ ಎಂಬ ಬಾಲ ಸೇರಿದೆ. ಉದಾಹರಣೆಗೆ, ಲಿಬ್‌ಎಸ್‌ಎಸ್‌ಎಲ್3 ಈಗ ಲಿಬ್‌ಎಸ್‌ಎಸ್‌ಎಲ್3ಟಿ64 ಆಗಿದೆ. 64 ಬಿಟ್ಟಿನ ಸಾಮಾನ್ಯ ಪಿಸಿಗಳ ಎಎಂಡಿ64ರಲ್ಲಿ ಹೊಸ ಪ್ಯಾಕೇಜು ಹಳೆಯ ಹೆಸರನ್ನೂ ತನ್ನದೆಂದು ಹೇಳಿಕೊಳ್ಳುವುದರಿಂದ ನಿಮ್ಮ ಹಳೆಯ ಅವಲಂಬನೆ ಪೂರೈಸಿದಂತೆ ಕಾಣುತ್ತದೆ. 32 ಬಿಟ್ಟಿನ ಆರ್ಮ್ ಯಂತ್ರಗಳ ಆರ್ಮ್‌ಎಚ್‌ಎಫ್‌ನಲ್ಲಿ ಆ ಸೌಲಭ್ಯವಿಲ್ಲ. ಡಿಸ್ಕ್ ಓದು-ಬರಹದ ಲೈಬ್ರರಿಯಾದ ಲಿಬ್‌ಎಐಒದಲ್ಲಂತೂ ಲೈಬ್ರರಿ ಕಡತದ ಹೆಸರೇ ಬದಲಾಗಿದ್ದು, ಹಳೆಯ ಹೆಸರನ್ನು ಹುಡುಕುವ ಪ್ರೋಗ್ರಾಂ ಶುರುವೇ ಆಗುವುದಿಲ್ಲ.

ಆದ್ದರಿಂದ ಪ್ಯಾಕೇಜು ಕಟ್ಟುವ ಸಾಧನವಾದ ಎಸ್‌ಬಿಲ್ಡ್ ಬಳಸಿ, ಟ್ರಿಕ್ಸಿಯ ಮೂಲ ಪ್ಯಾಕೇಜುಗಳಷ್ಟೇ ಇರುವ ಶುದ್ಧ ಪರಿಸರದಲ್ಲಿ ಮತ್ತೆ ಕಂಪೈಲ್ ಮಾಡಿ. ಪ್ಯಾಕೇಜಿನ ವಿವರ, ಅವಲಂಬನೆಗಳನ್ನು ಬರೆಯುವ ಕಂಟ್ರೋಲ್ ಕಡತದಲ್ಲಿ ಲೈಬ್ರರಿಗಳ ಹೆಸರನ್ನು ಕೈಯಾರೆ ಬರೆದಿದ್ದರೆ ಅಳಿಸಿ, ಆ ಕೆಲಸವನ್ನು, ಬೇಕಾದ ಲೈಬ್ರರಿಗಳನ್ನು ತಾನೇ ಪತ್ತೆಹಚ್ಚುವ ಡಿಪಿಕೆಜಿ-ಎಸ್ಎಚ್‌ಲಿಬ್‌ಡೆಪ್ಸ್‌ಗೆ ಬಿಡಿ. ಘೋಷಿಸದ ಫಂಕ್ಷನ್ನುಗಳ ಬಳಕೆಯನ್ನು ಈ ಬಿಡುಗಡೆಯ ಸಿ ಕಂಪೈಲರಾದ ಜಿಸಿಸಿ 14 ಬರೀ ಎಚ್ಚರಿಕೆಯಾಗಿ ಅಲ್ಲ, ದೋಷವಾಗಿಯೇ ಎಣಿಸುವುದರಿಂದ ಹಳೆಯ ಸಿ ಕೋಡು ಇಲ್ಲಿ ನಿಲ್ಲುವುದುಂಟು. ಪೈಥಾನ್ 3.11ರಿಂದ 3.13ಕ್ಕೆ ಏರಿದ್ದು, ಸಿಜಿಐ, ಕ್ರಿಪ್ಟ್ ಮೊದಲಾದ ಮಾಡ್ಯೂಲುಗಳು ಈಗಿಲ್ಲ.

ಆವೃತ್ತಿ ಸಂಖ್ಯೆಯ ವಿಷಯದಲ್ಲಿ ನಾನೇ ಎಡವಿದ್ದೇನೆ. 12ಕ್ಕೆ ಬರಿಯ 2.4-1 ಎಂದೂ 13ಕ್ಕೆ 2.4-1~ಡೆಬ್13ಯು1 ಎಂದೂ ಕೊಟ್ಟಿದ್ದೆ. ಟಿಲ್ಡೆ (~) ಚಿಹ್ನೆ ಇರುವ ಸಂಖ್ಯೆ ಅದಿಲ್ಲದ್ದಕ್ಕಿಂತ ಕೆಳಗಿನದೆಂದು ಡೆಬಿಯನ್ನಿನ ಪ್ಯಾಕೇಜು ನಿರ್ವಾಹಕ ಡಿಪಿಕೆಜಿ ಎಣಿಸುತ್ತದೆ. ಹಾಗಾಗಿ ಅಪ್‌ಗ್ರೇಡ್ ಮಾಡಿದವರೆಲ್ಲರಲ್ಲೂ ಹಳೆಯ ಪ್ಯಾಕೇಜೇ ಉಳಿಯಿತು, ದೂರುಗಳು ಬರುವವರೆಗೂ ನನಗೆ ತಿಳಿಯಲಿಲ್ಲ. ಮೊದಲಿನಿಂದಲೇ ~ಡೆಬ್12ಯು1, ~ಡೆಬ್13ಯು1 ಎಂದು ಜೋಡಿಯಾಗಿ ಕೊಡಿ. ಬರಿಯ ಸಂಖ್ಯೆ ಈಗಾಗಲೇ ಹೊರಹೋಗಿದ್ದರೆ ಹೊಸದನ್ನು 2.4-2ಕ್ಕೆ ಏರಿಸಿ, ಡಿಪಿಕೆಜಿಯ ಆವೃತ್ತಿ ಹೋಲಿಕೆ ಆದೇಶದಿಂದ ಖಚಿತಪಡಿಸಿಕೊಳ್ಳಿ.

ಇನ್‌ಸ್ಟಾಲ್ ಸೂಚನೆಗಳನ್ನೂ ತಿದ್ದಬೇಕು. ರೆಪೊಸಿಟರಿಯ ಸಹಿಯ ಕೀಲಿ ಸೇರಿಸುತ್ತಿದ್ದ ಆಪ್ಟ್-ಕೀ ಆದೇಶ ಈ ಬಿಡುಗಡೆಯಲ್ಲಿ ಇಲ್ಲವಾದ್ದರಿಂದ, ಸಹಿಯ ಕೀಲಿಯನ್ನು ಪ್ರತ್ಯೇಕ ಕಡತದಲ್ಲಿಟ್ಟು ರೆಪೊಸಿಟರಿಯ ಸಾಲಿನಲ್ಲಿ ‘ಸೈನ್ಡ್-ಬೈ’ ಮೂಲಕ ಹೆಸರಿಸುವ ಕ್ರಮವನ್ನು ಬರೆಯಿರಿ. ತಾತ್ಕಾಲಿಕ ಕಡತಗಳ ಟಿಎಂಪಿ ಫೋಲ್ಡರು ಹೊಸ ಇನ್‌ಸ್ಟಾಲ್‌ಗಳಲ್ಲೂ ಅಪ್‌ಗ್ರೇಡ್ ಆದ ಯಂತ್ರಗಳಲ್ಲೂ ಪೂರ್ವನಿಯೋಜಿತವಾಗಿ ಮೆಮೊರಿಯಲ್ಲಿರುತ್ತದೆ; ರೀಬೂಟ್ ಆದಮೇಲೂ ಬೇಕಾಗುವುದನ್ನು ಅಲ್ಲಿಡಬೇಡಿ.

ಕೊನೆಗೆ ಪರೀಕ್ಷೆ. ಹೊಸ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿ ನೋಡಿದರೆ ಸಾಲದು. ವರ್ಚುವಲ್ ಯಂತ್ರವೊಂದರಲ್ಲಿ ಡೆಬಿಯನ್ 12ನ್ನು ನಿಮ್ಮ ಹಳೆಯ ಪ್ಯಾಕೇಜಿನೊಂದಿಗೆ ಹಾಕಿ, ಸ್ವಲ್ಪ ನಿಜವಾದ ದತ್ತಾಂಶ ತುಂಬಿ, ಆಮೇಲೆ ಅಪ್‌ಗ್ರೇಡ್ ಮಾಡಿ. ಅಪ್‌ಗ್ರೇಡಿಗೆ ಮುನ್ನ ಹೊರಗಿನ ರೆಪೊಸಿಟರಿಗಳನ್ನು ತೆಗೆದುಹಾಕಿ ಎಂದು ಡೆಬಿಯನ್ನಿನ ಬಿಡುಗಡೆ ಟಿಪ್ಪಣಿಗಳೇ ಸಲಹೆ ನೀಡುವುದರಿಂದ, ಬಳಕೆದಾರರು ನಿಮ್ಮ ರೆಪೊಸಿಟರಿಯನ್ನು ಮತ್ತೆ ಸೇರಿಸುವ ತನಕ ಹೊಸ ವ್ಯವಸ್ಥೆಯಲ್ಲಿ ಓಡುವುದು ಹಳೆಯ ಪ್ಯಾಕೇಜೇ. ಆ ನಡುಗಾಲದಲ್ಲಿ ಸೇವೆ ಏಳುತ್ತದೆಯೇ, ದತ್ತಾಂಶ ಕೆಡದೆ ಉಳಿಯುತ್ತದೆಯೇ ಎಂಬುದನ್ನು ನೋಡಿದ ಮೇಲೆ ಹೊಸ ಪ್ಯಾಕೇಜನ್ನು ಅದೇ ಯಂತ್ರಕ್ಕೆ ಹಾಕಿ.